ಎಲ್ಲದಕ್ಕೂ ‘ಇಲ್ಲವೇ ಇಲ್ಲ’

ಸೇಬಿನ ಕೊಯ್ಲು ಮುಗಿಯುವ ಹೊತ್ತಿಗೆ ನಾನೂ ಮುಗಿದುಹೋಗಿರುತ್ತೇನೆ. ಅಮೆರಿಕದ ಯಾಕಿಮಾ ಕಣಿವೆಯಲ್ಲಿ ಮಕ್ಕಳ ಮನಸ್ಸಿನ ಕಾಯಿಲೆ ನೋಡುವ ನಮ್ಮ ಕೇಂದ್ರದಲ್ಲಿ ತೋಟದ ಕೂಲಿಗಳಾಡುವ ಸ್ಪ್ಯಾನಿಷ್ ಬಲ್ಲವಳು ನಾನೊಬ್ಬಳೇ. ಉಳಿದ ಐವರು ಐದಕ್ಕೆ ಮನೆಗೆ ಹೊರಡುತ್ತಾರೆ. ನಾನು ಮಾತ್ರ ದಿನವಿಡೀ ಸ್ಪ್ಯಾನಿಷ್‌ನಲ್ಲಿ ಕೇಳಿದ ಸಂಕಟವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿಗೆ ತುಂಬುತ್ತ ಕೂರುತ್ತೇನೆ. ವಿಮೆಯವರಿಗೆ ಅಳು ಕೂಡ ಇಂಗ್ಲಿಷಿನಲ್ಲೇ ಬೇಕು. ನನ್ನ ಪಟ್ಟಿಯಲ್ಲಿ ಮೂವತ್ತೆಂಟು ಮನೆಗಳಿವೆ, ಸರದಿಗೆ ಕಾಯುತ್ತಿರುವವು ಇನ್ನೂ ಇಪ್ಪತ್ತು.

ಹೀಗಿರುವಾಗ ಒಂದು ಫೈಲು ಮುಚ್ಚುತ್ತದೆ ಎಂದರೆ ಯಾರಿಗೆ ಬೇಡ?

“ಒಫೇಲಿಯಾ, ನಿನ್ನ ಗುರುವಾರದ ಹುಡುಗಿ ಗುಣ ಆಗ್ಬಿಟ್ಟಿದಾಳೆ ನೋಡು,” ಎಂದು ನಮ್ಮ ಮೇಲಧಿಕಾರಿ ಲಿನೆಟ್ ಮಧ್ಯಾಹ್ನ ಒಂದು ಹಾಳೆ ಆಡಿಸುತ್ತ ಬಂದಳು. “ಹೋದ ಸಲ ಮೂವತ್ತೊಂದು, ಈ ಸಲ ಸೊನ್ನೆ! ಇವತ್ತೇ ಕೊನೆ ಭೇಟಿ ಮಾಡಿ ಮುಗಿಸ್ಬಿಡು.”

ಮೂರು ತಿಂಗಳಿಗೊಮ್ಮೆ ತಾಯಂದಿರು ತುಂಬಿಕೊಡುವ ಹಾಳೆ ಅದು. ಮಗು ಅಳುತ್ತದೆಯೇ, ನಿದ್ದೆ ಬರುತ್ತದೆಯೇ, ಕೂದಲು ಕೀಳುತ್ತದೆಯೇ ಎಂದು ಇಪ್ಪತ್ತು ಪ್ರಶ್ನೆ. ‘ಯಾವಾಗಲೂ’, ‘ಒಮ್ಮೊಮ್ಮೆ’, ‘ಇಲ್ಲವೇ ಇಲ್ಲ’ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅಂಕ ಹನ್ನೆರಡಕ್ಕಿಂತ ಕೆಳಗಿಳಿದರೆ ವಿಮೆಯ ಹಣ ನಿಲ್ಲುತ್ತದೆ, ಮಗುವಿನ ಭೇಟಿಯೂ ನಿಲ್ಲುತ್ತದೆ.

ಗುರುವಾರದ ಹುಡುಗಿ ಎಂದರೆ ಒಂಬತ್ತು ವರ್ಷದ ಮಿರೆಯಾ. ಹೋದ ವರ್ಷ ಅವಳ ಅಪ್ಪ ಸೇಬಿನ ತೋಟದಲ್ಲಿ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ಆಸ್ಪತ್ರೆಗೆ ದುಭಾಷಿ ಬರಲಿಲ್ಲ. ಡಾಕ್ಟರು ಇಂಗ್ಲಿಷ್ ಬಲ್ಲ ಈ ಮಗುವನ್ನೇ ಹತ್ತಿರ ಕರೆದು, ಇನ್ನು ಯಾವತ್ತೂ ಭಾರ ಎತ್ತುವ ಹಾಗಿಲ್ಲ ಎಂದು ನಿನ್ನಪ್ಪನಿಗೆ ಹೇಳು ಎಂದರು. ಅವಳು ಹೇಳಿದಳು. ಅಂದಿನಿಂದ ಒಂದೊಂದೇ ಎಳೆ ಕೂದಲು ಕಿತ್ತುಕೊಳ್ಳುತ್ತಿದ್ದಾಳೆ. ಯಾರು ಏನು ಕೇಳಿದರೂ “ನಾನು ಚೆನ್ನಾಗಿದೀನಿ” ಎನ್ನುತ್ತಾಳೆ.

ಆ ಸೊನ್ನೆ ಸುಳ್ಳೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಯಾವ ಕೊರಗೂ ಇಲ್ಲದ ನನ್ನ ತಂಗಿಯ ಮಕ್ಕಳಿಗೇ ಸೊನ್ನೆ ಬರುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ. ವಾರಕ್ಕೆ ಒಂದು ಗಂಟೆ ಉಳಿಯುತ್ತದೆ, ಕೂತು ಬಿಸಿ ಊಟ ಮಾಡಬಹುದು ಎಂದು ಲೆಕ್ಕ ಹಾಕಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾಲ್ಕಕ್ಕೆ ಇಬ್ಬರೂ ಬಂದರು. ತಾಯಿ ಡೊಮಿತಿಲಾ ಸೇಬು ಪ್ಯಾಕ್ ಮಾಡುವ ಶೆಡ್ಡಿನಿಂದ ನೇರ ಬಂದಿದ್ದಳು, ಕೂದಲು ಉದುರದಂತೆ ಅಲ್ಲಿ ಹಾಕುವ ಬಲೆಟೋಪಿಯ ಗುರುತು ಹಣೆಯ ಮೇಲೆ ಇನ್ನೂ ಇತ್ತು. ಕೈಯಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬುಗಳನ್ನು ಟವೆಲಿನಲ್ಲಿ ಸುತ್ತಿದ ಗಂಟು. ಮಿರೆಯಾಳ ಬೈತಲೆ ಯಾವಾಗಲೂ ಎಡಕ್ಕಿರುತ್ತಿತ್ತು, ಇವತ್ತು ಬಲಕ್ಕೆ ಬಂದಿತ್ತು.

“ಮೊದ್ಲು ತಿನ್ನಿ ಡಾಕ್ಟ್ರಮ್ಮಾ, ಬಿಸಿಯಾಗಿದೆ. ಎಷ್ಟು ಸೊರಗಿದೀರ! ನಿಮಗೆ ಮಾಡಿ ಹಾಕೋರು ಯಾರೂ ಇಲ್ವಾ?”

ನಾನು ಡಾಕ್ಟರಲ್ಲ ಎಂದು ಅವಳಿಗೆ ಹೇಳಿ ಹೇಳಿ ಸಾಕಾಗಿದೆ. ಹಾಳೆಯನ್ನು ಮುಂದಿಟ್ಟೆ.

“ಎಲ್ಲದಕ್ಕೂ ‘ಇಲ್ಲವೇ ಇಲ್ಲ’ ಅಂತ ಹಾಕಿದೀರಲ್ಲ ಡೊಮಿತಿಲಾ. ಇದರ ಪ್ರಕಾರ ಇವತ್ತಿಗೇ ಕೊನೆ. ಇನ್ನು ಮಿರೆಯಾ ಇಲ್ಲಿಗೆ ಬರೋ ಹಾಗಿಲ್ಲ.”

ಗಂಟು ಬಿಚ್ಚುತ್ತಿದ್ದ ಅವಳ ಕೈ ನಿಂತಿತು. “ಅಯ್ಯೋ, ಕೊನೇನಾ? ನಿಮಗೆ ಒಳ್ಳೇದಾಗ್ಲಿ ಅಂತ ಹಾಕಿದ್ದು ನಾನು!”

“ನನಗಾ?”

“ಹೋದ ವಾರ ಇವಳು ಮಾತಾಡ್ತಾ ಇರೋವಾಗ ನಿಮ್ಮ ಕಣ್ಣು ಮುಚ್ಚಿ ಹೋಯ್ತಂತೆ. ಮಿಸ್‌ಗೆ ನಿದ್ದೇನೇ ಇಲ್ಲ ಅಮ್ಮಾ, ಚೆನ್ನಾಗಿ ಬರಿ, ಇಲ್ದಿದ್ರೆ ಅವರಿಗೆ ಮೇಲಿನೋರು ಬೈತಾರೆ ಅಂದ್ಲು. ನಮ್ಮ ಶೆಡ್ಡಲ್ಲೂ ಅಷ್ಟೇ ಅಲ್ವಾ? ಮೇಸ್ತ್ರಿ ಬಂದು ಕೇಳಿದ್ರೆ ಎಲ್ಲಾ ಸರಿಯಾಗಿದೆ ಅಂತೀವಿ. ಪಕ್ಕದೋಳ ಕೆಲಸ ಹೋಗ್ಬಾರ್ದಲ್ಲ.”

ಕಣ್ಣು ಮುಚ್ಚಿದ್ದು ಎರಡು ಕ್ಷಣ, ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಅಪ್ಪನ ಬೆನ್ನಿನ ಭಾರ ಹೊತ್ತು ಬಗ್ಗಿಹೋದ ಮಗುವಿನ ಮೇಲೆ ನನ್ನ ನಿದ್ದೆಯ ಭಾರವನ್ನೂ ಹೇರಿದ್ದೆ. ಆ ಡಾಕ್ಟರ ಮೇಲೆ, ಲಿನೆಟ್ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಹೆಚ್ಚು ಬಂದದ್ದು ನನ್ನ ಮೇಲೇ.

ಅಮ್ಮನಿಗೆ ತಿಳಿಯಬಾರದೆಂದು ಮಿರೆಯಾ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: “ಪರ್ವಾಗಿಲ್ಲ ಮಿಸ್. ನಾನು ಚೆನ್ನಾಗಿದೀನಿ. ನನ್ನ ಟೈಮು ಬೇರೆಯವರಿಗೆ ಕೊಡಿ.”

ಅವಳ ಅಮ್ಮನಿಗೂ ಕೇಳಲಿ ಎಂದು ನಾನು ಸ್ಪ್ಯಾನಿಷ್‌ನಲ್ಲೇ ಉತ್ತರಿಸಿದೆ. “ನೀನು ಮಾತಾಡ್ತಿದ್ದಾಗ ಕಣ್ಣು ಮುಚ್ಚಿದ್ದು ನನ್ನ ತಪ್ಪು ಪುಟ್ಟಾ. ನನಗೆ ಸುಸ್ತಾಗಿರೋದು ನಿಜ. ಆದರೆ ಅದನ್ನ ನೋಡ್ಕೊಳ್ಳೋಕೆ ದೊಡ್ಡೋರಿದಾರೆ. ಅದು ನಿನ್ನ ಕೆಲಸ ಅಲ್ಲ.”

ಅವಳು ನನ್ನ ಮುಖ ನೋಡಿದಳು.

“ತುಂಬಾ ಸುಸ್ತಾ?”

“ತುಂಬಾ.”

“ನಂಗೂ,” ಎಂದಳು ಮಿರೆಯಾ.

ಏಳು ತಿಂಗಳಲ್ಲಿ ಅವಳು ತನ್ನ ಬಗ್ಗೆ ಹೇಳಿದ ಮೊದಲ ನಿಜ ಅದು. ಡೊಮಿತಿಲಾ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಜಡೆ ಬಿಚ್ಚಿದಳು. ಎಡಕಿವಿಯ ಮೇಲೆ, ಸೀಸೆಯ ಮುಚ್ಚಳದಷ್ಟು ಅಗಲ, ತಲೆ ಬೋಳಾಗಿತ್ತು.

ನಾನು ಹೊಸ ಹಾಳೆ ತೆಗೆದು ಒಂದೊಂದೇ ಪ್ರಶ್ನೆ ಓದತೊಡಗಿದೆ. “ಮಗು ಕೂದಲು ಕೀಳುತ್ತದೆಯೇ?”

ಡೊಮಿತಿಲಾ ಹಾಳೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ನಿಜ ಹೇಳಿದರೆ ನಾನು ತಡೆದುಕೊಂಡೇನೇ ಎಂದು ಇನ್ನೂ ಅನುಮಾನ ಅವಳಿಗೆ.

“ಯಾವಾಗಲೂ,” ಎಂದಳು ಮಿರೆಯಾ.

ಅಂಕ ಮೂವತ್ತಾರಾಯಿತು, ಮೊದಲಿಗಿಂತ ಐದು ಹೆಚ್ಚು. ಲಿನೆಟ್ ಮುಖ ಹುಳ್ಳಗೆ ಮಾಡುವುದು ಖಂಡಿತ. ಮಾಡಿಕೊಳ್ಳಲಿ.

ಹೊರಡುವಾಗ ಮಿರೆಯಾ ಬಾಗಿಲಲ್ಲಿ ತಿರುಗಿ ನಿಂತಳು. “ಮಿಸ್, ನೀವು ರಾತ್ರಿ ಬೇಗ...” ಎಂದು ಶುರುಮಾಡಿದವಳು ಅಲ್ಲಿಗೇ ತಡೆದಳು. ಕೂದಲು ಬಿಚ್ಚಿಕೊಂಡೇ ಇತ್ತು.

“ಗುರುವಾರ ಬರ್ತೀನಿ,” ಎಂದಷ್ಟೇ ಹೇಳಿ ಹೋದಳು.