ತಳದಿಂದ ತಿಳಿಯಾಗಬೇಕು

ಲೋಟದಲ್ಲಿನ ನೀರು ಬೆಳ್ಳಗಿದೆ, ಹಾಲಿನಷ್ಟು ಬಿಳಿಯಲ್ಲ, ಹಾಲಿನ ಪಾತ್ರೆ ತೊಳೆದ ನೀರಿನ ಬಿಳಿ, ಗಾಳಿ, ಗಾಳಿಯೇ ಇರಬೇಕು, ನಿಂತುಹೋದ ನೀರು ಮತ್ತೆ ಬರುವಾಗ ಪೈಪಿನೊಳಗಿನ ಗಾಳಿಯನ್ನೆಲ್ಲ ನುಂಗಿಕೊಂಡೇ ಬರುತ್ತದೆ, ಮೊದಲು ಕೆಮ್ಮುತ್ತದೆ, ಆಮೇಲೆ ಉಗುಳುತ್ತದೆ, ಆಮೇಲೆ ಹೀಗೆ ಬೆಳ್ಳಗೆ ಸುರಿಯುತ್ತದೆ, ಪೈಪಜ್ಜ ಇದನ್ನು ಜೀವಮಾನವಿಡೀ ನೋಡಿದ್ದಾನೆ, ಹೆದರುವಂಥದ್ದೇನಿಲ್ಲ — ಲೋಟವನ್ನು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಬೆಳಕಿಗೆ ಅಡ್ಡವಾಗಿ ಇಟ್ಟು, ಸ್ಟೂಲು ಎಳೆದುಕೊಂಡು ಅದರೆದುರಿಗೆ ಕೂತ. ಸ್ವಲ್ಪ ತಾಳು ಮಗಳೇ, ತಿಳಿಯಾಗ್ಲಿ. ಅಯ್ಯೋ ಅಪ್ಪ, ನೀವೊಬ್ರು, ನೀರು ನೋಡ್ತಾ ಕೂತ್ರೆ ನಿಮಗೆ ಮೊಮ್ಮಗಳೂ ಬೇಡ, ಅಂದಳು ಮಗಳು ಒಲೆಯ ಮುಂದಿನಿಂದ, ಮೂಗು ಕಟ್ಟಿದ ದನಿ, ಹೆರಿಗೆಯಾದಾಗಿನಿಂದ ನೆಗಡಿ ಬಿಟ್ಟಿಲ್ಲ ಇವಳಿಗೆ, ಎದೆಹಾಲು ಸಾಲದೆಂದು ಡಬ್ಬಿಯ ಹಾಲುಪುಡಿ, ಕೆಟಲಿನಲ್ಲಿ ಅದೇ ನಲ್ಲಿಯ ನೀರು ಆಗಲೇ ಗುಂಯ್‌ಗುಡುತ್ತಿದೆ, ಪಕ್ಕದಲ್ಲಿ ತೊಳೆದಿಟ್ಟ ಬಾಟಲಿ ಬಾಯಿ ತೆರೆದುಕೊಂಡು ನಿಂತಿದೆ. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಗೊರಕೆ, ಒಂದು ಎಳೆತ, ಒಂದು ಬಿಡುವು, ಮತ್ತೊಂದು ಎಳೆತ, ರಾತ್ರಿ ಪಾಳಿ ಮುಗಿಸಿ ಬಂದು ಬಿದ್ದುಕೊಂಡ ಅಳಿಯ, ಅವನೂ ಪೈಪಿನ ಕೆಲಸದವನೇ, ಕೇಳಿಸ್ತಾ ಅಪ್ಪ ನಿಮ್ಮಳಿಯನ ಪಂಪು, ಟ್ಯಾಂಕು ತುಂಬೋವರೆಗೂ ಆಫ್ ಆಗಲ್ಲ, ಅವಳು ನಗುತ್ತಾಳೆ, ನಗುವಿನಲ್ಲೂ ನೆಗಡಿ, ಪೈಪಜ್ಜನೂ ನಕ್ಕ, ಕಣ್ಣು ಮಾತ್ರ ಲೋಟ ಬಿಟ್ಟಿಲ್ಲ. ಗಾಳಿಯಾದರೆ ತಳದಿಂದ ತಿಳಿಯಾಗಬೇಕು. ಮೇಲಿನಿಂದಲ್ಲ, ತಳದಿಂದ. ಕೆಳಗೊಂದು ತೆಳ್ಳನೆಯ ಗೆರೆ ಕಾಣಿಸಿಕೊಂಡು, ಗುಳ್ಳೆಗಳು ಮೇಲಕ್ಕೆ ಹೋದಂತೆಲ್ಲ ಆ ಗೆರೆಯೂ ಮೇಲಕ್ಕೆ ಹತ್ತಿ, ಪರದೆ ಎತ್ತಿದ ಹಾಗೆ, ಕಡೆಗೆ ಲೋಟವೆಲ್ಲ ಬೆಳಕು. ಇದನ್ನು ಹೇಳಿಕೊಟ್ಟವಳು ಅಳತೆಯಮ್ಮ. ತಿಳಿಯಾಗದಿದ್ರೆ ಅಮ್ಮಾ, ಅಂತ ಇವನು ಕೇಳಿದ್ದ. ತಿಳಿಯಾಗದಿದ್ರೆ ಅದು ಗಾಳಿ ಅಲ್ಲ ಮಾರಾಯ, ಅಂದಿದ್ದಳು, ಅಷ್ಟೇ, ಮುಂದಕ್ಕೆ ಹೇಳಲಿಲ್ಲ.

ಅಳತೆಯಮ್ಮ ಅಂದರೆ ಈ ಕಟ್ಟಡದ ನೀರಿನ ನಕ್ಷೆ ಬರೆದ ಇಂಜಿನಿಯರು, ಹೆಸರು ಬೇರೆ ಇತ್ತು, ಕೆಲಸದವರ ಬಾಯಲ್ಲಿ ಅಳತೆಯಮ್ಮನೇ ಆದಳು, ಕಿವಿಯ ಮೇಲೆ ಪೆನ್ಸಿಲು, ಕಾಲಿಗೆ ಗಂಡಸರ ಬೂಟು, ಗೋಡೆ ಏಳುವ ಮೊದಲೇ ಗೋಡೆಯೊಳಗೆ ಏನು ಹರಿಯುತ್ತದೆಂದು ಅವಳಿಗೆ ಗೊತ್ತಿರುತ್ತಿತ್ತು. ಪ್ರತಿ ನಲ್ಲಿಗೂ ಮಾರ್ಕು ಕೊಡುತ್ತಿದ್ದಳು, ಶಾಲೆ ಮಕ್ಕಳಿಗೆ ಕೊಟ್ಟ ಹಾಗೆ, ಕೈತೊಳೆಯುವ ಬೇಸಿನ್ನಿಗೆ ಕಮ್ಮಿ, ಸ್ನಾನದ ತೊಟ್ಟಿಗೆ ಜಾಸ್ತಿ, ಎಲ್ಲ ಮನೆಗಳ ಮಾರ್ಕು ಕೂಡಿಸಿ, ಎಲ್ಲರೂ ಒಟ್ಟಿಗೇ ನಲ್ಲಿ ತಿರುಗಿಸುವುದಿಲ್ಲ ನೋಡು, ಒಬ್ಬ ಮುಖ ತೊಳೀವಾಗ ಇನ್ನೊಬ್ಬ ಹೊದ್ದು ಮಲಗಿರ್ತಾನೆ, ಆ ಸೋಮಾರಿಗಳನ್ನ ಕಳೀಬೇಕು, ಅನ್ನುತ್ತಿದ್ದಳು, ಕಳೆದು ಉಳಿದದ್ದಕ್ಕೆ ಪೈಪು. ಬೀದಿ ಪೈಪಿನಿಂದ ಬರುವ ತಳ್ಳುಬಲದಲ್ಲಿ ಎತ್ತರಕ್ಕಿಷ್ಟು ಕಳೆ, ಮೀಟರಿಗಿಷ್ಟು ಕಳೆ, ಒಂದೊಂದು ಮೊಣಕೈ ತಿರುವಿಗೂ ಚಿಲ್ಲರೆ ಕಳೆ, ಮೇಲ್ಮನೆಯ ಕಟ್ಟಕಡೆಯ ನಲ್ಲಿಗೆ ಏನು ಉಳಿಯುತ್ತೋ ಅದೇ ನಮ್ಮ ಮರ್ಯಾದೆ. ಪೈಪು ಸಣ್ಣದಾದರೆ ಕಿರುಚುತ್ತೆ, ದಪ್ಪವಾದರೆ ನೀರು ಅದರೊಳಗೇ ಕೂತು ಹಳಸುತ್ತೆ, ಇವನಿಗೆ ಓದು ಬಾರದು, ಆದರೆ ಅವಳ ಮಾತು ಕೈಗೆ ಹತ್ತುತ್ತಿತ್ತು, ಬುಡದಲ್ಲಿ ತೋಳಿನಷ್ಟು, ಮೇಲೆ ಹೋಗುತ್ತ ಹೆಬ್ಬೆರಳು, ಕವಲಿನಲ್ಲಿ ಕಿರುಬೆರಳು, ಹಾಗೆ ಜೋಡಿಸುತ್ತ ಹೋದ, ಆಗ ಬೆನ್ನು ನೆಟ್ಟಗಿತ್ತು, ಮೂಗೂ ಇತ್ತು. ಈಗ ಮೂಗು ಬರೀ ಮುಖಕ್ಕೊಂದು ಅಲಂಕಾರ, ಪೈಪಿನ ಅಂಟು, ಬೆಸುಗೆಯ ಹೊಗೆ, ಎಲ್ಲ ಸೇರಿ ಅದನ್ನು ಸುಟ್ಟುಹಾಕಿದವು, ಹೂವಾದರೂ ಒಂದೇ ಸೀಮೆಎಣ್ಣೆಯಾದರೂ ಒಂದೇ. ಮೇಲಕ್ಕೆ ಹೋಗೋ ನೀರನ್ನ ಎಲ್ರೂ ಲೆಕ್ಕ ಹಾಕ್ತಾರೆ, ಅಂದಿದ್ದಳು ಅಳತೆಯಮ್ಮ ಒಂದು ದಿನ, ನೆಲಮಾಳಿಗೆಯಲ್ಲಿ ಒದ್ದೆ ಸಿಮೆಂಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ವಾಪಸ್ ಬರೋ ನೀರನ್ನ ಯಾರೂ ಹಾಕಲ್ಲ, ಬೀದಿಯಲ್ಲಿ ಯಾರಾದ್ರೂ ಜೋರಾಗಿ ಎಳೆದ್ರೆ ಈ ಕಟ್ಟಡದ ನೀರೆಲ್ಲ ಹಿಂದಕ್ಕೆ ಇಳಿಯುತ್ತೆ, ಇಳಿಯುವಾಗ ತೆರೆದ ಬಾಯಿ ಎಲ್ಲಿದ್ರೂ ಅಲ್ಲಿಂದ ಎಳ್ಕೊಳ್ಳುತ್ತೆ, ಬಾಯಿ ಗಾಳಿಯಲ್ಲಿದ್ರೆ ಗಾಳಿ, ಬಕೆಟ್ಟಿನಲ್ಲಿದ್ರೆ ಬಕೆಟ್ಟಿನಲ್ಲಿರೋದು, ತಿಳೀತಾ, ಇಷ್ಟು ಮನೆ ಇದ್ರೂ ಗಂಟಲು ಒಂದೇ. ಅದಕ್ಕೇ ಒಂದೇ ಕಡೆ ತೆರೆದುಕೊಳ್ಳುವ ತಡೆಬಾಗಿಲು, ಹಿತ್ತಾಳೆಯ ಗೂಡು, ಒಳಗೆ ಕೀಲಿನ ಮೇಲೊಂದು ಹಿತ್ತಾಳೆ ಬಿಲ್ಲೆ, ನೀರು ಮುಂದಕ್ಕೆ ಬಂದರೆ ತೆರೆಯುತ್ತದೆ, ಹಿಂದಕ್ಕೆ ಹೊರಟರೆ ಟಪ್ಪೆಂದು ಮುಚ್ಚಿಕೊಳ್ಳುತ್ತದೆ, ಗೇಟಿನ ಹತ್ತಿರ ಒಂದು ದೊಡ್ಡದು, ಆದರೆ ಅದರಲ್ಲಿ ಮರಳು ಸಿಕ್ಕಿಕೊಂಡರೆ ಅರ್ಧ ತೆರೆದೇ ಇರುತ್ತದೆ, ಒಂದೇ ಬಾಗಿಲು ನಂಬಬೇಡ, ಕೆಳಗಿನ ಅಂಗಡಿಗೆ ಹೋಗೋ ಕವಲಿಗೂ ಒಂದು ಹಾಕು, ಅಂದಳು, ಹಾಕಿದ, ತನ್ನ ಕೈಯಾರೆ.

ಗೆರೆ ಬಂತೇ — ಬಂತು, ತಳದಲ್ಲಿ ಒಂದು ಹೊಳಪು, ಬಗ್ಗಿ ನೋಡಿದ, ಲೋಟದ ದಪ್ಪ ಗಾಜಿನ ಹೊಳಪು ಅದು, ನೀರಿನದ್ದಲ್ಲ. ಯಾವಾಗ ನಿಂತಿತ್ತು ನೀರು, ಕೇಳಿದ. ಬೆಳಿಗ್ಗೆ ಅಪ್ಪ, ಬೆಂಕಿ ಆರಿಸೋ ಗಾಡಿ ಬಂತಲ್ಲ ಹಿಂದಿನ ಬೀದಿಗೆ, ಆವಾಗ, ಅಂದಳು. ಹೌದು, ಬರುವ ದಾರಿಯಲ್ಲಿ ನೋಡಿದ್ದ, ಹತ್ತಿ ಗೋದಾಮು, ಗೋಡೆ ಕಪ್ಪಾಗಿ ಹೊಗೆಯಾಡುತ್ತಿತ್ತು, ರಸ್ತೆಯೆಲ್ಲ ಕೆಸರು, ಜನ ತಮಾಷೆ ನೋಡುತ್ತ ನಿಂತಿದ್ದರು, ಬೀದಿ ಪೈಪಿನ ಮುಚ್ಚಳ ತೆಗೆದು ಅದಕ್ಕೇ ದಪ್ಪ ಕೊಳವೆ ಸಿಕ್ಕಿಸಿ ಗಾಡಿಯ ಪಂಪಿನಿಂದ ಎಳೆದಿದ್ದರು, ಇವನು ಆ ಕೊಳವೆಯನ್ನು ದಾಟಿಕೊಂಡೇ ಬಂದ, ದಾಟುವಾಗ ಮನಸ್ಸಿನಲ್ಲಿ ಮೊಮ್ಮಗಳ ಮುಖವಿತ್ತು, ಕೊಳವೆ ಬರೀ ಕೊಳವೆಯಾಗಿತ್ತು. ಅಪ್ಪ, ಒಂದು ತಮಾಷೆ ಕೇಳಿ, ಅಂದಳು ಮಗಳು ಡಬ್ಬಿಯ ಮುಚ್ಚಳ ಮೀಟುತ್ತ, ನೀರು ನಿಂತಾಗ ನಲ್ಲಿ ತಿರುಗಿಸಿದ್ನಾ, ಸುಂಯ್ ಅಂತ ಉಸಿರು ಎಳ್ಕೊಳ್ತು, ಬೆರಳು ಹಿಡಿದೆ, ಬೆರಳನ್ನೇ ಚೀಪ್ತು ಅಪ್ಪ, ಥೇಟ್ ನಿಮ್ಮ ಮೊಮ್ಮಗಳು ಚೀಪಿದ ಹಾಗೆ. ಪೈಪಜ್ಜ ಲೋಟದ ಕಡೆಗೆ ಇನ್ನಷ್ಟು ಬಗ್ಗಿದ. ಚೀಪಿತು ಅಂದರೆ ಗೇಟಿನ ಹತ್ತಿರದ ತಡೆಬಾಗಿಲು ಮುಚ್ಚಿಕೊಳ್ಳಲಿಲ್ಲ, ಮರಳು, ಆಗಲಿ, ಅದಕ್ಕೇ ತಾನೇ ಎರಡನೆಯದು, ಅಂಗಡಿಯ ಕವಲಿನದು ಇದೆಯಲ್ಲ — ಕೆಳಗಿನ ಅಂಗಡಿ, ಗೆದ್ದಲು ಔಷಧಿಯವನದು, ಮನೆಗಳಿಗೆ ಹೋಗಿ ಬಾಗಿಲು ಕಿಟಕಿಗೆ ಗೋಡೆಬುಡಕ್ಕೆ ಔಷಧಿ ಹೊಡೆಯುವವನು, ನೀಲಿ ಡ್ರಮ್ಮು, ಅದರ ತಳದಲ್ಲಿ ಜೇನಿನ ಬಣ್ಣದ ಔಷಧಿ, ಅದಕ್ಕೆ ನಲ್ಲಿಯಿಂದ ರಬ್ಬರ್ ಪೈಪು, ಪೈಪಿನ ತುದಿ ತಳ ಮುಟ್ಟಿ ಮುಳುಗಿರುತ್ತದೆ, ಮೇಲಕ್ಕೆ ಹಿಡಿಯೋ ಮಾರಾಯ, ಅಂತ ಇವನು ಒಮ್ಮೆ ಹೇಳಿದ್ದ, ಮೇಲಿಂದ ಬಿಟ್ರೆ ನೊರೆ ಉಕ್ಕುತ್ತೆ ಅಜ್ಜ, ತಳದಲ್ಲಿ ಬಿಟ್ರೆ ಸದ್ದಿಲ್ದೆ ತುಂಬುತ್ತೆ, ಅಂದಿದ್ದ ಅವನು, ಒಳ್ಳೆಯ ಮನುಷ್ಯ, ಕೂತ್ಕೊಳ್ಳಿ ಅಂತ ಸ್ಟೂಲೂ ಕೊಟ್ಟಿದ್ದ, ಜೇನಿನಂಥ ಔಷಧಿಗೆ ನೀರು ಬಿದ್ದದ್ದೇ ತಡ ಡ್ರಮ್ಮು ತುಂಬ ಹಾಲು, ಹಾಲಿನಂಥದ್ದು, ಎಷ್ಟು ಹೊತ್ತು ಬಿಟ್ಟರೂ ತಿಳಿಯಾಗದ್ದು, ಆ ದಿನ ಅದನ್ನು ನೋಡುತ್ತ ಇವನು ಅಂದುಕೊಂಡದ್ದು, ತಡೆಬಾಗಿಲು ಇದೆಯಲ್ಲ, ಬಿಡು. ಇದೆ. ಇರಬೇಕು. ಅದರ ಸದ್ದೇ ಇವಳ ಮನೆಯ ಗೋಡೆಯಲ್ಲಿ ಕೇಳುತ್ತದೆ, ಅಂಗಡಿಯವನು ನಲ್ಲಿ ಮುಚ್ಚಿದಾಗಲೆಲ್ಲ ಟಪ್, ಟಪ್, ಪೈಪಿನುದ್ದಕ್ಕೂ ಹತ್ತಿ ಬಂದು ತೊಟ್ಟಿಲ ಕೋಣೆಯ ಗೋಡೆಗೆ ಬಡಿಯುತ್ತದೆ, ಹೋದ ಸಲ ಬಂದಾಗ ಇವಳು ಗೋಳಾಡಿದ್ದಳಲ್ಲ, ಮಗು ಈಗ ತಾನೇ ಕಣ್ಣು ಮುಚ್ಚಿರುತ್ತೆ, ಟಪ್ ಅನ್ನುತ್ತೆ, ಬೆಚ್ಚಿ ಕಿರುಚ್ಕೊಳ್ಳುತ್ತೆ. ಇವತ್ತು ಬಂದಾಗಿನಿಂದ ಟಪ್ ಕೇಳಿಸಿಲ್ಲ. ಕಿವಿಯೂ ಮೂಗಿನ ದಾರಿ ಹಿಡಿಯಿತೇ. ಮಗಳೇ, ಆ ಸದ್ದು, ಅಂದ. ಎಲ್ಲಿ ಸದ್ದು, ಇವರು ಸರಿ ಮಾಡಿದ್ರಲ್ಲ, ಮೊನ್ನೆ ಕೆಳಗೆ ಅಂಗಡಿಯ ಪೈಪು ಕುಯ್ದು ಅದೇನೋ ತೆಗೆದು ಮತ್ತೆ ಅಂಟು ಹಾಕಿದ್ರು, ನನ್ನ ಮಗಳು ನಿದ್ದೆಗೆಟ್ರೆ ನಾನು ಎಂಥ ಪ್ಲಂಬರು ಅಂತ ಜಂಭ ಬೇರೆ, ಆವತ್ತಿಂದ ಕೂಸು ನೋಡಿ ಹೇಗೆ ಮಲಗುತ್ತೆ, ಅಂದಳು. ಪೈಪಜ್ಜ ತಿರುಗಿದ. ತೆರೆದ ಬಾಗಿಲಾಚೆ ತೊಟ್ಟಿಲು, ತೊಟ್ಟಿಲ ಮೇಲೆ ಕೆಂಪು ದಾರದಲ್ಲಿ ಏನೋ ತೂಗುತ್ತಿದೆ, ಬಂದಾಗಲೇ ಕಂಡಿತ್ತು, ಅಂಗಡಿಯ ಗಿಲಕಿ ಅಂದುಕೊಂಡಿದ್ದ, ದುಂಡಗೆ, ಹಳದಿಗೆ, ತಿಕ್ಕಿ ತೊಳೆದು ಕನ್ನಡಿಯ ಹಾಗೆ ಹೊಳೆಯಿಸಿದ್ದಾರೆ, ನಿಧಾನ ತಿರುಗುತ್ತಿದೆ, ಮಗು ಅದನ್ನೇ ನೋಡುತ್ತ ಕೈ ಆಡಿಸುತ್ತಿದೆ, ತಿರುಗಿದಾಗ ಅಂಚಿನಲ್ಲಿ ಒಂದು ಕಿವಿ ಕಂಡಿತು, ಕೀಲಿನ ಕಿವಿ, ತನ್ನ ಕೈಯ ಅರದಿಂದ ಉಜ್ಜಿದ ಕಿವಿ, ತಡೆಬಾಗಿಲಿನ ಹಿತ್ತಾಳೆ ಬಿಲ್ಲೆ. ಚಂದ ಇದೆ ಅಲ್ವಾ ಅಪ್ಪ, ತೆಗೆದದ್ದನ್ನ ಬಿಸಾಡೋಕೆ ಮನಸ್ಸು ಬರಲಿಲ್ಲವಂತೆ.

ಕೆಟಲು ಕೂಗಿತು. ಮಗಳು ನೀರು ಬಾಟಲಿಗೆ ಬಗ್ಗಿಸಿದಳು, ಚಮಚ ಪುಡಿ, ಇನ್ನೊಂದು ಚಮಚ, ಬಾಟಲಿಯಲ್ಲಿ ಬಿಳಿ ಸುತ್ತುತ್ತಿದೆ, ಯಾವ ಬಿಳಿ ಪುಡಿಯದು ಯಾವ ಬಿಳಿ ನೀರಿನದು, ಬೇರೆ ಮಾಡುವವರು ಯಾರು — ಪೈಪಜ್ಜ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ, ಸ್ಟೂಲು ಹಿಂದಕ್ಕೆ ಬಿತ್ತು, ಬಾಟಲಿ ಅವನ ಕೈಗೆ ಬಂದಿತ್ತು, ಅಂಗೈ ಸುಡುತ್ತಿತ್ತು. ಬೇಡ. ಏನಪ್ಪ ನೀವು, ಹಸಿದಿದೆ ಕೂಸು. ಬೇಡ, ಅಂದ. ಕುದಿಸಿದೀನಪ್ಪ. ಕುದಿಸಿದ್ರೂ ಬೇಡ, ಈ ನಲ್ಲಿ ಮುಟ್ಟಬೇಡ, ಮಗುವಿಗೆ ಸ್ನಾನ ಮಾಡಿಸಿದ್ಯಾ. ಇಲ್ಲಪ್ಪ, ನೀವು ಬರಲಿ ಅಂತಿದ್ದೆ. ನೀನು ಕುಡಿದ್ಯಾ. ಇಲ್ಲ, ನನಗೆ ಫ್ಲಾಸ್ಕಿಂದು, ನಿನ್ನೆ ಕಾಯಿಸಿದ್ದು, ಯಾಕಪ್ಪ, ಮುಖ ಯಾಕೆ ಹೀಗೆ, ಅಂಟಿನ ವಾಸನೆಗಾ, ಇವರು ಹೇಳಿದ್ರು, ಹೊಸ ಅಂಟಿನ ವಾಸನೆ ಎರಡು ದಿನ ಇರುತ್ತಂತೆ, ಏನೂ ಆಗಲ್ವಂತೆ. ಇವರು ಯಾವಾಗ ಹೇಳಿದ್ದು. ಬೆಳಿಗ್ಗೆ, ನೀರು ವಾಪಸ್ ಬಂದ ಮೇಲೆ, ಪಾಳಿ ಮುಗಿಸಿ ಬಂದ್ರಲ್ಲ, ಬಾಯಾರಿದೆ ಅಂತ ನಲ್ಲಿಗೇ ಸ್ಟೀಲ್ ಚೊಂಬು ಹಿಡಿದು ನಿಂತಲ್ಲೇ ಗಟಗಟ ಕುಡಿದ್ರು, ಇನ್ನೊಂದು ಚೊಂಬು ಹಿಡಿದು ಅದನ್ನೂ ಕುಡಿದ್ರು, ಮುಖ ಹಿಂಡಿ, ಥೂ ನಾನು ಹಾಕಿದ ಅಂಟನ್ನ ನಾನೇ ಕುಡೀತಿದೀನಿ ನೋಡು, ಅಂತ ನಕ್ಕು, ತಲೆ ಭಾರ ಅಂತ ಹೋಗಿ ಮಲಗಿದ್ರು. ಸ್ಟೀಲ್ ಚೊಂಬು, ಅದರೊಳಗೆ ಯಾವ ಬಣ್ಣ ಕಾಣುತ್ತದೆ, ಬೇಸಿನ್ನಿನ ಪಕ್ಕ ಬೋರಲು ಹಾಕಿಟ್ಟಿದ್ದಾಳೆ, ಅಂಚಿನಿಂದ ಇನ್ನೂ ಒಂದು ಹನಿ ಇಳಿಯುತ್ತಿದೆ, ಅಂಟಿನ ವಾಸನೆ ಗೊತ್ತಿದ್ದವನಿಗೆ ಎಲ್ಲ ವಾಸನೆಯೂ ಅಂಟಿನದ್ದೇ, ಬೇರೆ ಯಾರಾದರೂ ಆಗಿದ್ದರೆ ಉಗುಳುತ್ತಿದ್ದ, ಇವನು ಪ್ಲಂಬರು, ನುಂಗಿದ, ಮಗಳ ನಿದ್ದೆಗೆಂದು ತಡೆಬಾಗಿಲು ಕಿತ್ತವನು — ಎಬ್ಬಿಸು ಅವನನ್ನ, ಅಂದ ಪೈಪಜ್ಜ, ಎಬ್ಬಿಸು, ಕೆಳಗೆ ಯಾರನ್ನಾದರೂ ಕೂಗು, ಗಾಡಿ ತರಿಸು, ಎಲ್ಲ ಮನೆಗೂ ಹೇಳು ನಲ್ಲಿ ತಿರುಗಿಸಬೇಡಿ ಅಂತ, ಮಗಳು ಒಳಕೋಣೆಯ ಕಡೆಗೆ ಓಡಿದಳು, ರೀ, ರೀ, ಬಾಗಿಲ ಚಿಲಕ ಗೋಡೆಗೆ ಬಡಿಯಿತು, ರೀ ಎದ್ದೇಳಿ, ಅಪ್ಪ ಕರೀತಿದಾರೆ, ಎದ್ದೇಳ್ರೀ. ಆಗ ಅವನಿಗೆ ಕೇಳಿಸಿದ್ದು ಮನೆಯ ನಿಶ್ಶಬ್ದ. ಗೊರಕೆ ಯಾವಾಗ ನಿಂತಿತು. ಕೆಟಲು ಕೂಗುವ ಮೊದಲೋ, ಆಮೇಲೋ, ಬಿಲ್ಲೆ ನೋಡುತ್ತಿದ್ದಾಗಲೋ, ಒಂದು ಎಳೆತ, ಒಂದು ಬಿಡುವು, ಆ ಬಿಡುವೇ ಇನ್ನೂ ಮುಗಿದಿಲ್ಲವೋ, ಕಿವಿಗೊಟ್ಟು ನಿಂತ, ಮೇಲೆ ಯಾರದೋ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು, ಗೋಡೆಯೊಳಗೆ ನೀರು ಸರಾಗವಾಗಿ ಹತ್ತಿ ಹೋಯಿತು, ಎಲ್ಲೂ ಟಪ್ ಅನ್ನಲಿಲ್ಲ, ಮಗು ಅಳಲಿಲ್ಲ, ಒಳಗಿನಿಂದ ಮಗಳ ದನಿ ಈಗ ರೀ ಅನ್ನುವುದನ್ನು ಬಿಟ್ಟು ಅಪ್ಪಾ ಅನ್ನುತ್ತಿದೆ, ಅಪ್ಪಾ, ಹೋಗಬೇಕು, ಕಾಲೆತ್ತಬೇಕು, ಕಣ್ಣು ಮಾತ್ರ ಕಿಟಕಿಕಟ್ಟೆಯ ಮೇಲೇ, ಬಿಸಿಲು ಈಗ ಲೋಟಕ್ಕೆ ನೇರ ಹೊಡೆಯುತ್ತಿದೆ, ಒಂದು ಗುಳ್ಳೆ ಏಳಲಿಲ್ಲ, ಒಂದು ಗೆರೆ ಹತ್ತಲಿಲ್ಲ, ತಳದಿಂದ ತಿಳಿಯಾಗಬೇಕು, ತಳದಿಂದ, ಲೋಟದ ನೀರು ತಳದಿಂದ ಅಂಚಿನವರೆಗೂ ಬೆಳ್ಳಗೆ