ನೆತ್ತಿಯ ಮೇಲಿನ ಎಂಟು ತೂತು

ಯಾವ ವಾಹನ ಎದುರಿಗೆ ಬಂದರೂ ಅವನು ಮೊದಲು ಗಮನಿಸುತ್ತಿದ್ದುದು ಅದರ ಮುಖವನ್ನಲ್ಲ, ನೆತ್ತಿಯನ್ನು. ಹಸುಗೂಸಿನ ತಲೆ ತಡವುವ ಸೂಲಗಿತ್ತಿಯಂತೆ ಕಣ್ಣು ಮುಚ್ಚಿ, ಛಾವಣಿಯ ಉದ್ದಗಲಕ್ಕೂ ಅಂಗೈ ಆಡಿಸುವನು. ಎಲ್ಲಾದರೂ ಒಂದೆಡೆ ಕೈ ತಡೆದು ನಿಂತಿತೋ, ಹುಬ್ಬು ಗಂಟಿಕ್ಕಿತೆಂದೇ ಅರ್ಥ. ತಗಡಿನ ಕೆಲಸದಲ್ಲಿ ಮೂವತ್ತೆರಡು ವರ್ಷ ಸವೆಸಿದ್ದ ಅವನು ಬೀದಿಯವರಿಗೆ ಎದುರಿಗೆ ಅಣ್ಣ, ಬೆನ್ನ ಹಿಂದೆ ಕೆಂಡಣ್ಣ. ಭಾರ ಹೊತ್ತು ಹೊತ್ತು ಎಡ ಭುಜ ಜಾರಿತ್ತು. ಕಾಣದ ಗೋಡೆಗೆ ಒರಗಿಕೊಂಡೇ ನಡೆಯುತ್ತಿರುವನೋ ಎಂಬಂತಹ ನಡಿಗೆ. ಮೈಮೇಲಿನ ಖಾಕಿ ಕೋಟಿನಲ್ಲಿ ಮೂಲದ ಬಟ್ಟೆಗಿಂತ ಹೊಲಿಗೆಯೇ ಹೆಚ್ಚು. ವೆಲ್ಡಿಂಗಿನ ಕಿಡಿ ಸುಟ್ಟ ತೂತನ್ನು ಅಂದಂದೇ ಸೂಜಿ ಹಿಡಿದು ಮುಚ್ಚದೆ ಅವನು ಊಟಕ್ಕೆ ಕೂತವನಲ್ಲ.

ಅವನ ಕ್ರೋಧಕ್ಕೆ ವಿಶೇಷ ಪಾತ್ರರಾದವರು ಶೋಕಿಗಾಗಿ ಗಾಡಿಯ ತಲೆ ಕೊರೆಸಿ ಸಾಲುದೀಪ ಕೂರಿಸುವವರು. ದೀಪಗಳ ಮೇಲೆ ಅವನಿಗೆ ಹಗೆಯಿರಲಿಲ್ಲ. ದೀಪ ಕಿತ್ತ ಮೇಲೆ ಉಳಿದ ರಂಧ್ರಕ್ಕೆ ಗಮ್ಮೋ ಟೇಪೋ ಮೆತ್ತಿ ಕೈತೊಳೆದುಕೊಳ್ಳುವ ನಿರ್ಲಕ್ಷ್ಯವನ್ನು ಮಾತ್ರ ಅವನು ಸಹಿಸನು. ಅವನದು ಬೇರೆಯೇ ಕ್ರಮ: ಒಳಗಿನ ಹೊದಿಕೆ ಇಳಿಸಿ, ಉಳಿದ ತಂತಿಯ ತುಂಡುಗಳನ್ನು ಬುಡದಿಂದ ತೆಗೆದು, ಹೊಳೆಯುವ ತಗಡು ಕಾಣುವ ತನಕ ತುಕ್ಕು ಕೆರೆದು, ತೇಪೆ ಬೆಸೆದು, ಉಜ್ಜಿ, ಬಣ್ಣ ಹೊಡೆಯುವುದು. ಅಷ್ಟಾದ ಮೇಲೂ ಮಡಿಲಲ್ಲಿ ಹಳೆಯ ಪತ್ರಿಕೆ ಹರಡಿಕೊಂಡು ತಾನೇ ಗಾಡಿಯೊಳಗೆ ಕೂತು, ನೆತ್ತಿಯ ಮೇಲೆ ಅರ್ಧ ಗಂಟೆ ನೀರು ಬಿಡಿಸುವನು. ಕಾಗದದ ಮೇಲೆ ಒಂದು ಹನಿ ಬಿದ್ದರೂ ಕೆಲಸ ಮತ್ತೆ ಮೊದಲಿನಿಂದ.

ಅವನ ಹೆಂಡತಿಯ ತಮ್ಮ ಶಾಲೆಯ ಮಕ್ಕಳನ್ನು ಸಾಗಿಸುವ ವ್ಯಾನಿನ ಒಡೆಯ. ರಜೆಯಲ್ಲಿ ಪ್ರವಾಸದ ಬಾಡಿಗೆ ಸಿಗಲೆಂದು ನೆತ್ತಿಯ ಮೇಲೆ ದೀಪ ಹಾಕಿಸಿದ್ದ. ತೆಗೆಯದಿದ್ದರೆ ಪರವಾನಗಿ ಇಲ್ಲವೆಂಬ ನೋಟೀಸು ಬಂದಾಗ ಕಿತ್ತು ಹಾಕಿ, ಎಂಟು ತೂತುಗಳ ಸಮೇತ ಭಾವನ ಶೆಡ್ಡಿಗೆ ಬಂದ.

"ಒಂಚೂರು ಗಮ್ ಒತ್ತಿ, ಮೇಲೆ ಬಣ್ಣ ಹೊಡೆದುಬಿಡಿ ಭಾವ. ನಾಳೆ ತಪಾಸಣೆ."

"ನೀರಿಗೆ ಬಣ್ಣ ಕಾಣಲ್ಲಪ್ಪ, ದಾರಿ ಕಾಣತ್ತೆ."

ಹೊದಿಕೆಯ ಮೂಲೆಯೊಂದನ್ನು ಬಿಚ್ಚಿ ಅವನು ಆ ದಾರಿಯನ್ನೂ ತೋರಿಸಿದ. ಎರಡು ಮಳೆಗಾಲದ ನೀರು ದೀಪಗಳ ಬುಡದಿಂದ ಜಿನುಗಿ, ಛಾವಣಿ ಹೊತ್ತ ಪಕ್ಕದ ಕಂಬದೊಳಗೆ ಇಳಿದು, ಹಿಂದಿನ ಸೀಟಿನ ಬೆಲ್ಟು ಬಿಗಿಯುವ ಬೋಲ್ಟಿನ ಸುತ್ತಲಿನ ಲೋಹವನ್ನು ಹಪ್ಪಳದಂತೆ ಮಾಡಿತ್ತು. ಹತ್ತು ದಿನ ಗಾಡಿ ಬಿಟ್ಟು ಹೋಗು, ಅಲ್ಲಿಯ ತನಕ ಮಕ್ಕಳನ್ನು ಹತ್ತಿಸಬೇಡ ಎಂದು ಅವನು ಮೆತ್ತಗೇ ಹೇಳಿದನಂತೆ. ಭಾಮೈದ ತಲೆಯಾಡಿಸಿ, ಗಾಡಿಯನ್ನು ಬೇರೆಡೆಗೆ ಒಯ್ದು, ತೂತುಗಳಿಗೆ ಪುಟ್ಟಿ ಮೆತ್ತಿಸಿ ಬಣ್ಣ ಬಳಿಸಿಬಿಟ್ಟ. ತಪಾಸಣೆಗೆ ಬಂದ ಅಧಿಕಾರಿ ದೀಪಗಳಿಲ್ಲವೆಂದು ನೋಡಿದನೇ ಹೊರತು, ಅವು ಇದ್ದಲ್ಲಿ ಈಗ ಏನಿದೆಯೆಂದು ನೋಡಲಿಲ್ಲ, ಸಹಿ ಬಿತ್ತು. ಮೂರನೆಯ ದಿನ ಆ ವ್ಯಾನು ಹದಿನೇಳು ಮಕ್ಕಳನ್ನು ತುಂಬಿಕೊಂಡು, ನೆತ್ತಿ ಮಿಂಚಿಸುತ್ತಾ ಶೆಡ್ಡಿನ ಮುಂದೆಯೇ ಹಾದುಹೋಯಿತು.

ಮರುದಿನ ಬೆಳಿಗ್ಗೆ ಅವನು ಶಾಲೆಯ ಗೇಟಿನಲ್ಲಿ ನಿಂತಿದ್ದ. ಕೊನೆಯ ಮಗು ಒಳಗೆ ಹೋದ ಮೇಲೆ ಮುಖ್ಯೋಪಾಧ್ಯಾಯಿನಿಯನ್ನು ವ್ಯಾನಿನ ಬಳಿಗೆ ಕರೆತಂದು, "ಅಮ್ಮಾ, ಈ ಬೆಲ್ಟನ್ನ ನೀವೇ ಒಂದ್ಸಲ ಜಗ್ಗಿ ನೋಡಿ" ಎಂದ. ಆಕೆ ಜಗ್ಗಿದರು; ಎರಡನೆಯ ಸಲ ಜಗ್ಗಿದಾಗ ಬೋಲ್ಟು ತುಕ್ಕಿನ ಪುಡಿ ಸುರಿಸುತ್ತಾ ಬೆಲ್ಟಿನ ಜೊತೆಗೇ ಕಿತ್ತು ಬಂತು. ಸುತ್ತ ನೆರೆದ ತಾಯ್ತಂದೆಯರು ಮುಂದೆ ನುಗ್ಗಿ, ಬೋಲ್ಟು ಕಿತ್ತ ಜಾಗವನ್ನು ಇಣುಕಿ ನೋಡಿದರು. ಭಾಮೈದನ ಮುಖ ಕಪ್ಪಿಟ್ಟಿತು.

"ಮನೆ ಮಾತನ್ನ ಬೀದಿಗೆ ತಂದ್ರಲ್ಲ ಭಾವ."

"ಬೀದೀಲಿ ಓಡೋ ಗಾಡಿ ಮನೆ ಮಾತು ಹೇಗಾಗತ್ತೆ?"

ಆಮೇಲೆ ನಡೆದುದೇ ನನಗೆ ಇಂದಿಗೂ ನುಂಗಲಾರದ ತುತ್ತು. ನಮ್ಮ ಬೀದಿಯಲ್ಲಿ ಅರ್ಧ ಜನ ಹಳಿದದ್ದು ಪುಟ್ಟಿ ಮೆತ್ತಿಸಿದವನನ್ನಲ್ಲ, ಬೆಲ್ಟು ಎಳೆಸಿದವನನ್ನು. ನೆಂಟನ ಮಾನವನ್ನು ಹೀಗೆ ಹರಾಜಿಗಿಡಬಾರದಿತ್ತು, ನಯವಾಗಿ ಹೇಳಬಹುದಿತ್ತು ಎಂದರು. ನಯವಾಗಿ ಹೇಳಿ ಮುಗಿದ ಮೇಲೇ ಅವನು ಗೇಟಿಗೆ ಬಂದದ್ದೆಂಬುದು ಯಾರಿಗೂ ಬೇಕಿರಲಿಲ್ಲ. ಮನೆಯಲ್ಲಿ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಟ್ಟೆ ಇಡುತ್ತಾ, "ನನ್ನ ತಮ್ಮನ ಮರ್ಯಾದೆ ಹೋಯ್ತು, ಹೋಗ್ಲಿ. ಆ ಗಾಡೀನ ಮಾತ್ರ ಇನ್ಯಾರ ಕೈಗೂ ಕೊಡಬೇಡಿ, ನೀವೇ ಮಾಡಿ" ಎಂದಳಂತೆ.

ಅವನೇ ಮಾಡಿದ. ಹನ್ನೊಂದು ದಿನ ಹಿಡಿಯಿತು. ಭಾಮೈದ ಬಂದು, ಬೀಗದ ಕೈ ತೆಗೆದುಕೊಂಡು, ಗಾಡಿ ಓಡಿಸಿಕೊಂಡು ಹೋದ. ಅಕ್ಕನ ಮನೆಯ ಮೆಟ್ಟಿಲು ಇನ್ನೂ ಹತ್ತಿಲ್ಲ. ವ್ಯಾನು ಮಾತ್ರ ಓಡುತ್ತಿದೆ, ಮಕ್ಕಳು ಹಿಂದಿನ ಸೀಟಿಗೇ ಜಗಳವಾಡುತ್ತಾರೆ.

ಇಂತಹವರ ಜೊತೆ ಬಾಳುವುದು ಸುಲಭವಲ್ಲ. ಅವರ ಮಾತಿನಲ್ಲಿ ಸಕ್ಕರೆಯಿಲ್ಲ, ನಮಗೋ ಸಕ್ಕರೆಯಿಲ್ಲದ ಸತ್ಯ ಗಂಟಲಿಗಿಳಿಯದು. ಅವರು ಬೈದದ್ದನ್ನು ಲೋಕ ತಲೆಮಾರುಗಟ್ಟಲೆ ನೆನಪಿಡುತ್ತದೆ. ಅವರಿಂದಾಗಿ ನಡೆಯದೇ ಹೋದ ಅನಾಹುತವನ್ನು ನೆನಪಿಡೋಣವೆಂದರೆ, ಅದು ನಡೆದೇ ಇಲ್ಲವಲ್ಲ.