ನೇರಳೆ ಮರದ ಬೂದಿ

ನಾನು ಬೂದಿ. ನನಗೆ ಎರಡು ಹುಟ್ಟು. ಮೊದಲನೆಯದು ಗದಗಿನ ಒಂದು ಓಣಿಯ ಹಿತ್ತಲಲ್ಲಿ, ನೇರಳೆ ಮರವಾಗಿ. ಎರಡನೆಯದು ಅದೇ ಹಿತ್ತಲಿನ ಬಚ್ಚಲೊಲೆಯಲ್ಲಿ. ನಡುವೆ ಬಂದದ್ದು ಒಂದು ಗರಗಸ. ಅದನ್ನು ತರಿಸಿದವನ ಹೆಸರು ಈರಬಸಪ್ಪ. ಬೆಂಕಿ ನನ್ನದೆಲ್ಲವನ್ನೂ ತಿಂದಿತು. ಆ ಹೆಸರನ್ನು ಮಾತ್ರ ಸುಡಲಾಗಲಿಲ್ಲ.

ನನ್ನನ್ನು ನೆಟ್ಟವಳು ದಾಕ್ಷಾಯಣಿ, ಆ ಮನೆಗೆ ಸೊಸೆಯಾಗಿ ಬಂದ ವರ್ಷ. ಈರಬಸಪ್ಪ ಅವಳ ಮೈದುನ, ಪಕ್ಕದ ಪಾಲಿನ ಮನೆಯವನು. ನನ್ನ ಹಣ್ಣು ಉದುರಿ ಅವನ ಬಿಳಿ ಕಾರಿಗೆ ಕಲೆಯಾಗುತ್ತಿತ್ತು. ದಾಕ್ಷಾಯಣಿ ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋದ ಸಮಯ ನೋಡಿ ನನ್ನನ್ನು ಉರುಳಿಸಿದ. ಅವಳು ಬರುವಷ್ಟರಲ್ಲಿ ತುಂಡುಗಳನ್ನು ಚೊಕ್ಕಟವಾಗಿ ಒಟ್ಟಿದ್ದ.

“ನಿಮ್ಮ ಒಲಿಗೆ ವರ್ಷಪೂರ್ತಿ ಕಟ್ಟಿಗಿ ಆತಲ್ರಿ, ವೈನಿ!” ಎಂದು ನಕ್ಕ.

ಅವಳು ಸೆರಗಿನಲ್ಲಿ ಹಣ್ಣು ಆಯುತ್ತಿದ್ದ ಜಾಗದಲ್ಲಿ ನಿಂತು ಮೇಲೆ ನೋಡಿದಳು. ಅಲ್ಲಿ ಬರೀ ಬಿಸಿಲಿತ್ತು. ಅವಳ ಮೌನಕ್ಕೆ ನನ್ನ ಮೈ ಉರಿಯಿತು.

ಕಟ್ಟಿಗೆ ಒಣಗಿತು, ಒಲೆ ಸೇರಿತು. ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವುದು ಅಪರೂಪ. ನೀರು ಕಾದ ಮೇಲೆ ದಾಕ್ಷಾಯಣಿ ಕೆಂಡದ ಮೇಲೆ ಬೂದಿ ಎಳೆದು ಮುಚ್ಚುತ್ತಾಳೆ. ಮರುದಿನ ಕೆದಕಿ ಊದಿದರೆ ಬೆಂಕಿ ಏಳುತ್ತದೆ. ಮೇಲೆ ತಣ್ಣಗೆ, ಒಳಗೆ ನಿಗಿನಿಗಿ. ನನಗೆ ಒಪ್ಪುವ ಕೆಲಸವೇ.

ಒಂದು ಬೆಳಿಗ್ಗೆ ಈರಬಸಪ್ಪ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಬಂದ. ಗುಲಾಬಿಗೆಂದು ಕಾರಿನ ಪಕ್ಕದಲ್ಲೇ ಡ್ರಮ್ಮಿಗೆ ಒಣ ಎಲೆ ತುಂಬಿ ಗೊಬ್ಬರ ಮಾಡುತ್ತಿದ್ದ.

“ವೈನಿ, ಗೊಬ್ಬರಕ್ಕ ಬೂದಿ ಭಾಳ ಚಲೋ ಅಂತ. ಎಲ್ಲಾ ಒಯ್ತೀನಿ.” ಬೆರಳಿನಿಂದ ನನ್ನ ಮೇಲ್ಪದರ ಮುಟ್ಟಿದ. “ತಣ್ಣಗ ಐತಿ.”

ಒಯ್ಯಿ, ಎಂದೆ ನಾನು. ಡ್ರಮ್ಮಿಗೆ ಸುರಿ. ಒಣ ಎಲೆ, ಪ್ಲಾಸ್ಟಿಕ್ಕು, ಆಮೇಲೆ ಆ ಬಿಳಿ ಕಾರು! ಒಳಗಿನ ಕೆಂಡ ಕಣ್ಣು ಬಿಟ್ಟಿತು. ದಾಕ್ಷಾಯಣಿ ಸುಮ್ಮನಿದ್ದರೆ ಸಾಕಿತ್ತು. ಅಷ್ಟು ದಿನ ಸುಮ್ಮನಿದ್ದವಳಿಗೆ ಇನ್ನೊಂದು ಗಳಿಗೆ ಕಷ್ಟವೇ? ಅವನ ಸಲಿಕೆ ನನ್ನ ಮೇಲೆ ಬಂತು.

“ನಿಂದರ್ರಿ,” ಎಂದಳು. “ಒಳಗ ಕೆಂಡ ಐತಿ. ಮನಿ ಸುಟ್ಕೋತೀರೇನು?”

ದ್ರೋಹಿ! ಸತ್ತ ಮರಕ್ಕಿಂತ ಅವಳಿಗೆ ಆ ಮೈದುನನೇ ಹೆಚ್ಚಾದನೆ?

ಅವಳು ನನ್ನನ್ನು ತಗಡಿನ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಬಯಲಿನ ಕಲ್ಲಿನ ಮೇಲೆ ಇಟ್ಟಳು. ದಿನಗಳು ಕಳೆದವು. ನನ್ನೊಳಗಿನ ಕೊನೆಯ ಕಿಡಿಯೂ ಸತ್ತಿತು. ಆಮೇಲೆ ಜರಡಿ ಹಿಡಿದು, ಮೂಗಿಗೆ ಸೆರಗು ಸುತ್ತಿ, ತಾನೇ ಅವನ ಡ್ರಮ್ಮಿಗೆ ಉದುರಿಸಿದಳು.

“ರಾಶಿ ಸುರೀಬ್ಯಾಡ್ರಿ, ಬೇರು ಸುಟ್ಟಾವು. ಹಸಿ ಸಿಪ್ಪಿ ಒಂದು ಪದರ, ಮ್ಯಾಲ ಬೂದಿ ರಂಗೋಲಿ ಉದುರಿಸಿದಂಗ ತೆಳ್ಳಗ. ಬಣ್ಣ ಹಚ್ಚಿದ ಕಟ್ಟಿಗಿ ಬೂದಿ ಬ್ಯಾಡ. ಯೂರಿಯಾ ಜೋಡಿ ಅಂತೂ ಬ್ಯಾಡೇ ಬ್ಯಾಡ, ಘಾಟೆದ್ದು ಸತ್ವೆಲ್ಲಾ ಹಾರಿ ಹೋಕ್ಕತಿ.”

“ಆತ್ರಿ, ಟೀಚರಬಾಯಿ,” ಎಂದು ಅಣಕಿಸಿದ.

ಕೊಂದವನ ಗುಲಾಬಿಗೆ ನಾನು ಊಟವಾಗಬೇಕು! ಕತ್ತಲ ಡ್ರಮ್ಮಿನಲ್ಲಿ ಸಿಪ್ಪೆಗಳ ಜೊತೆ ಕೊಳೆಯುತ್ತಾ ಅದನ್ನೇ ಮೆಲುಕು ಹಾಕಿದೆ.

ಗೊಬ್ಬರ ಕಪ್ಪಾಗಿ ಹದಕ್ಕೆ ಬಂತು. ಈರಬಸಪ್ಪ ಅದನ್ನು ಕಾರಿನ ಪಕ್ಕದ ಗುಲಾಬಿ ಮಡಿಗೆ ಹರಡಿದ. ಹೊರಗೆ ನೇರಳೆ ಹಣ್ಣಿನ ಕಾಲ. ಆ ಸಂಜೆ ದಾಕ್ಷಾಯಣಿ ಬಂದಳು. ಅವಳ ತುಟಿ ನೇರಳೆಯಾಗಿತ್ತು, ಮುಷ್ಟಿ ಬಿಗಿದಿತ್ತು.

“ಗೊಬ್ಬರ ಹೆಂಗಾಗೇತಿ ನೋಡತೀನಿ,” ಎಂದು ಕುಳಿತು ಕೈಯನ್ನು ಮಣ್ಣೊಳಗೆ ಇಳಿಸಿದಳು. ಮುಷ್ಟಿ ಬಿಚ್ಚಿತು. ಸಂತೆಯಲ್ಲಿ ಕೊಂಡ ಹಣ್ಣಿನ ಬೀಜಗಳು, ಇನ್ನೂ ಒದ್ದೆ. ನನ್ನದೇ ಜಾತಿಯವು.

“ಅವಸರ ಬ್ಯಾಡ,” ಎಂದು ಮೆಲ್ಲಗೆ ಮಣ್ಣು ತಟ್ಟಿದಳು. ಈರಬಸಪ್ಪ ತನಗೇ ಹೇಳಿದಳೆಂದುಕೊಂಡು ತಲೆ ಆಡಿಸಿದ.

ಕೆಲವು ವಾರಗಳಲ್ಲಿ ಮಡಿಯ ಮಣ್ಣಿನ ಬಿರುಕಿನಿಂದ ಕೆಂಪು ಚಿಗುರೊಂದು ತಲೆ ಎತ್ತಿತು. ಕಲೆ ಬಿದ್ದಾಗಷ್ಟೇ ಮೇಲೆ ನೋಡಿದವನಿಗೆ ಎಳೆ ಎಲೆಯ ಗುರುತು ಎಲ್ಲಿಂದ ಬರಬೇಕು?

“ವೈನಿ, ಇದ್ಯಾವ ಗಿಡರಿ?”

“ಚಲೋ ಗಿಡ ಐತಿ. ನೀರ ಹಾಕ್ರಿ.”

ನಾನೀಗ ಮುದಿ ಬೂದಿ, ಮಣ್ಣಿನಿಂದ ಬೇರೆ ಮಾಡಿ ತೋರಿಸಲಾಗದಷ್ಟು. ಉಳಿದಿದ್ದನ್ನೆಲ್ಲ ಆ ಬೇರಿಗೆ ತಿನ್ನಿಸುತ್ತಿದ್ದೇನೆ. ಬೆಂಕಿಯಾಗಿದ್ದರೆ ಒಂದೇ ದಿನಕ್ಕೆ ಮುಗಿದುಹೋಗುತ್ತಿತ್ತು. ಇದು ಮರವಾದ ಮೇಲೆ ಪ್ರತಿ ವರ್ಷ ಹಣ್ಣು ಬಿಡುತ್ತದೆ.

ದಿನಾ ಬೆಳಿಗ್ಗೆ ಈರಬಸಪ್ಪ ಮೊದಲು ಕಾರು ಒರೆಸುತ್ತಾನೆ. ಆಮೇಲೆ ನಮಗೆ ನೀರು ಹಾಕುತ್ತಾನೆ.